ಕಾರಿನ ಒಳಮೈಗೆ ಬಣ್ಣ

ಕಾರಿನ ಹೊರಮೈಯನ್ನು ಊರೆಲ್ಲ ನೋಡುತ್ತದೆ. ಒಳಮೈಯ ದುರವಸ್ಥೆಯನ್ನು ದಿನವೂ ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಅದರೊಳಗೆ ಕುಳಿತವನದು. ಗೋಕಾಕದ ಬಿಸಿಲು ಕುಡಿದು ಕುಡಿದು ನನ್ನ ಹಳೆಯ ಕಾರಿನ ಬಾಗಿಲುಗಳ ಒಳಬದಿಯ ವಿನೈಲ್ ಹೊದಿಕೆ, ಹಾಲಿನ ಕೆನೆಯ ಬಣ್ಣವನ್ನು ತೊರೆದು, ಹಳಸಿದ ಸಾರಿನ ಬಣ್ಣಕ್ಕೆ ತಿರುಗಿತ್ತು.

ನಿವೃತ್ತನಾದವನಿಗೆ ಇಂಥ ವಿಷಯಗಳಲ್ಲಿ ಎಲ್ಲಿಲ್ಲದ ಉತ್ಸಾಹ ಬರುತ್ತದೆ, ನೋಡಿ. ಮೊಬೈಲಿನ ವಿಡಿಯೊಗಳಿಂದಲೇ ಪಾರಂಗತನಾದ ನಾನು, ಮೂಡಲಗಿಯ ಅಂಗಡಿಯಿಂದ ಕಪ್ಪು ಬಣ್ಣದ ಸ್ಪ್ರೇ ಡಬ್ಬಿ ತಂದೆ. ಸಾಬೂನಿನ ನೀರಿನಿಂದ ತೊಳೆದು, ಸ್ಪಿರಿಟ್ಟಿನಿಂದ ಜಿಡ್ಡು ಒರೆಸಿ, ಗಾಜಿಗೂ ಹಿಡಿಕೆಗೂ ಪೇಪರ್ ಅಂಟಿಸಿ, ತೆಳ್ಳಗೆ ಒಂದು ಕೋಟು, ಒಣಗಿದ ಮೇಲೆ ಮತ್ತೊಂದು! ಮಗಳ ಮದುವೆಯಲ್ಲೂ ನಾನು ಇಷ್ಟು ಸಹನೆ ತೋರಿಸಿರಲಿಲ್ಲವೆಂದು ಹೆಂಡತಿಯ ಅಭಿಪ್ರಾಯ. ಸಂಜೆಯ ಹೊತ್ತಿಗೆ ಒಳಗೆಲ್ಲ ಗಂಭೀರ ಕೃಷ್ಣವರ್ಣ. ನನಗಂತೂ ಹೊಸ ಕಾರು ಕೊಂಡಷ್ಟೇ ಹಿಗ್ಗು.

ನಮ್ಮ ಅವ್ವನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು; ಇನ್ನು ಇಷ್ಟೇ ಎಂದು ಡಾಕ್ಟರರು ಕೈಚೆಲ್ಲಿದ್ದಾರೆ. ಆದರೂ ವಾರಕ್ಕೊಮ್ಮೆ ಹುಕ್ಕೇರಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಲೇಬೇಕು, ಕಾರಿನ ಬಾಗಿಲನ್ನು ತಾನೇ ತೆಗೆದು ಇಳಿಯಲೇಬೇಕು. ಬೇರೆಯವರು ತೆಗೆಯಲು ಹೋದರೆ, "ಯಾಕ, ನನಗ ಕೈ ಇಲ್ಲೇನು?" ಎಂದು ಗದರುತ್ತಾಳೆ.

ಬಣ್ಣ ಬಳಿದ ಆ ವಾರ ಹುಕ್ಕೇರಿ ತಲುಪಿದೆವು. ಚಿಗವ್ವ ಮನೆಯ ಬಾಗಿಲಲ್ಲೇ ಅಕ್ಕನಿಗಾಗಿ ಕಾಯುತ್ತಿದ್ದಳು. ಅವ್ವನ ಕೈ ಕಾರಿನ ಬಾಗಿಲ ಮೇಲೆಲ್ಲ ತಡವರಿಸಿತು, ಗಾಜು ಮುಟ್ಟಿತು, ಮತ್ತೆ ಕೆಳಗಿಳಿಯಿತು. ತಿಳಿಬಣ್ಣದ ಮೇಲೆ ಎದ್ದು ಕಾಣುತ್ತಿದ್ದ ಕರಿಯ ಹಿಡಿಕೆ, ನನ್ನ ಕೃಷ್ಣವರ್ಣದಲ್ಲಿ ಕರಗಿಹೋಗಿತ್ತು. ಸ್ವಲ್ಪ ಹೊತ್ತಿಗೆ ಅವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ನಾ ಇಳಿಯಂಗಿಲ್ಲಪಾ. ನೀನ ಹೋಗಿ ಮಾತಾಡ್ಸಿ ಬಾ," ಎಂದಳು. ಇಳಿದು ಹೋಗಿ ಬಾಗಿಲು ತೆಗೆದೆ, ಅವ್ವ ಗದರಲಿಲ್ಲ. ಮುಂದಿನ ವಾರ ಮೊಣಕಾಲು ನೋವೆಂದು ಹೊರಡಲೇ ಇಲ್ಲ. ಮನೆಯಲ್ಲೇನೋ ಅದೇ ಮೊಣಕಾಲು ಅಂಗಳಕ್ಕೂ ಅಡುಗೆಮನೆಗೂ ಚೆನ್ನಾಗಿಯೇ ಓಡಾಡುತ್ತಿತ್ತು.

ಮತ್ತೆ ಮೂಡಲಗಿಗೆ ಹೋದೆ. ಹಿಡಿಕೆಯ ಸುತ್ತಲಿನ ವಿನೈಲನ್ನಷ್ಟೇ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ, ಗಾಢ ಹಳದಿ ಹೊಡೆದೆ. ಕಪ್ಪು ಬೇಗ ಕೂತಿತ್ತು. ಕಪ್ಪಿನ ಮೇಲೆ ಹಳದಿಗೆ ಕೋಟಿನ ಮೇಲೆ ಕೋಟು ಬೇಕಾಯಿತು. ಬಾಜೂ ಮನೆಯವರು ಇಣುಕಿ, "ಏನ್ರಿ ಸರ್, ಸಾಲಿ ಬಸ್ಸಿನ ತುಂಡು ತಂದು ಹಚ್ಚೀರೇನ್ರಿ?" ಎಂದರು. ಜೀವಮಾನವಿಡೀ ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಪಾಠ ಹೇಳಿದ ನನಗೆ, ಬಣ್ಣ ಬರಿಯ ಅಲಂಕಾರವಲ್ಲ, ಒಬ್ಬರ ಕೈಗೆ ದಾರಿಯೂ ಆಗಬಲ್ಲದೆಂದು ಹೊಳೆದದ್ದು ಆಗಲೇ.

ಬಣ್ಣ ಒಣಗಿತೇ ನೋಡೆಂದು ಅವ್ವನನ್ನು ಕಾರಿನಲ್ಲಿ ಕೂರಿಸಿದೆ. ಹಳದಿಯತ್ತ ನೇರ ಹೋದ ಕೈ ಟಕ್ಕೆಂದು ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಮೊಣಕಾಲಿನ ಮಾತು ಅಲ್ಲಿಗೆ ನಿಂತಿತು.

ಆ ವಾರ ಹುಕ್ಕೇರಿಯಲ್ಲಿ ನಾನು ಬೇಕೆಂದೇ ಬೆಲ್ಟು ಬಿಚ್ಚುತ್ತ ತಡಮಾಡಿದೆ. ಅವ್ವ ಇಳಿದು, ಕಾರನ್ನು ಹಿಡಿದುಕೊಂಡೇ ಸುತ್ತಿ ಬಂದು, ನನ್ನ ಕಿಟಕಿ ಬಡಿದಳು.

"ಯಾಕೋ, ಇಳಿಯಾಕ ಬರೂದಿಲ್ಲೇನು? ನಾ ತಗೀಲೇನು ಬಾಗಲಾ?"