ಹದಿಮೂರನೆಯ ದಿನ

ಶೈಲಾ, ಅಂದು ಸ್ಕ್ಯಾನಿಂಗಿನಲ್ಲಿ ನಿನ್ನ ಗರ್ಭಕೋಶದಲ್ಲಿ ಯಾವ ದೋಷವೂ ಕಂಡಿರಲಿಲ್ಲ. ದೋಷವಿದ್ದದ್ದು ನನ್ನ ಮಾತಿನಲ್ಲಿ. ಹನ್ನೊಂದು ವರ್ಷ ಇದನ್ನು ನುಂಗಿಕೊಂಡು ನಿನ್ನ ಪಕ್ಕದಲ್ಲೇ ಕುಳಿತು ಉಂಡಿದ್ದೇನೆ.

ಪಾದಪೂಜೆಯ ಬೆಳಗು ನಿನಗೂ ನೆನಪಿರಬೇಕು. ಬೆಟಗೇರಿಯ ನಮ್ಮ ಮನೆಗೆ ಸ್ವಾಮಿಗಳು ಬರುವ ದಿನ, ಅರವತ್ತು ಜನರಿಗೆ ಹೋಳಿಗೆ. ಮನೆಯ ಕಿರಿಸೊಸೆ ನೀನು, ಲಕ್ಷ್ಮೇಶ್ವರದ ತವರಿನಿಂದ ಬಂದು ಎರಡೇ ದಿನವಾಗಿತ್ತು. ಹಿತ್ತಲಲ್ಲಿ ನನ್ನ ಸೆರಗು ಹಿಡಿದು, “ಅಕ್ಕಾ, ಹೊರಗಾಗೇನಿ” ಅಂದೆ.

“ಸುಮ್ನಿರು. ತವರಾಗ ಆಗಿ ಎಂಟ ದಿನಾ ಆತು ಅಂತ ಅತ್ತೆಗೆ ಹೇಳ್ತೀನಿ. ನನ್ನೊಬ್ಬಾಕಿ ಕೈಲೆ ಇಷ್ಟೆಲ್ಲಾ ಆಗಂಗಿಲ್ಲ.”

“ಪಾಪ ಬಂದ್ರ ಅರ್ಧ ನಿಮಗ ಮತ್ತ” ಎಂದು ನಕ್ಕು ನೀನು ಸೌಟು ಹಿಡಿದೆ.

ಅಂದಿನಿಂದ ಎಣಿಸಿದರೆ ಹದಿಮೂರನೆಯ ದಿನ, ಗದಗಿನ ದವಾಖಾನೆ. ಮದುವೆಯಾಗಿ ಆರು ವರ್ಷವಾದರೂ ನಿನಗೆ ಬಸಿರು ನಿಂತಿರಲಿಲ್ಲ. ಡಾಕ್ಟರಮ್ಮನಿಗೆ ಕನ್ನಡ ಬಾರದೆಂದು, ಕಾನ್ವೆಂಟಿನಲ್ಲಿ ಓದಿದ ನನ್ನನ್ನು ಕರೆದೊಯ್ದಿದ್ದರು. ನೀನು ಒಳಗೆ ಹೋದ ಮೇಲೆ ಅತ್ತೆ ಹೊರಗೆ ಚೀಟಿಗೆ ನೀನು ಮುಟ್ಟಾದ ತಾರೀಖು ಬರೆಸಿದರು — ನಾನು ಹೇಳಿದ್ದ ಸುಳ್ಳು ತಾರೀಖು.

ನೀನು ಕಾಲುಂಗುರದ ಬೆರಳುಗಳನ್ನು ಮಡಚಿಕೊಂಡು ಮಲಗಿದ್ದೆ. ಪರದೆಯ ಮೇಲೆ ಗರ್ಭದ ಒಳಪದರ ಅಲುಗುತ್ತಿತ್ತು — ಕೆಳಗಿನಿಂದ ಮೇಲಕ್ಕೆ, ಒಂದರ ಹಿಂದೊಂದು ಸಣ್ಣ ಅಲೆ. ಡಾಕ್ಟರಮ್ಮ ಗಡಿಯಾರ ನೋಡುತ್ತ ಅವುಗಳನ್ನು ಎಣಿಸಿದರು. ಬೀಜ ಬಲಿಯುವ ದಿನಗಳಲ್ಲಿ ಹೀಗಿರುವುದು ಸಹಜ. ಆದರೆ ಚೀಟಿಯ ಲೆಕ್ಕಕ್ಕೆ ಇಂದು ಇಪ್ಪತ್ತೊಂದನೆಯ ದಿನ, ಇಷ್ಟರಲ್ಲಿ ಶಾಂತವಾಗಿರಬೇಕು, ಇಲ್ಲದಿದ್ದರೆ ಪಿಂಡ ನೆಲೆ ನಿಲ್ಲುವುದು ಕಷ್ಟ ಎಂದರು, ಇಂಗ್ಲಿಷಿನಲ್ಲಿ. ಆಮೇಲೆ ಚೀಟಿಯನ್ನು ಮತ್ತೊಮ್ಮೆ ನೋಡಿ ನನ್ನನ್ನು ಕೇಳಿದರು — ತಾರೀಖು ಖಾತ್ರಿಯೇ?

ಅತ್ತೆ ಸ್ಟೂಲಿನ ಮೇಲಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನಿಜ ಹೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ, ನಿನಗೂ... ಆದರೂ —

“ಯೆಸ್, ಡಾಕ್ಟರ್.”

ಒಂದೇ ಸಲ ನೋಡಿ ಏನೂ ಹೇಳಲಾಗದು, ಮುಂದಿನ ತಿಂಗಳು ಮತ್ತೆ ಕರೆತನ್ನಿ ಎಂದರು. ಆ ಮಾತನ್ನು ನಾನು ನಿಮ್ಮಿಬ್ಬರಿಗೂ ತಿಳಿಸಲೇ ಇಲ್ಲ. ಮತ್ತೆ ದಿನ ಎಣಿಸಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. “ಗರ್ಭ ಬಾಳ ಅಲುಗಾಡ್ತೈತಂತ” ಅಂದೆ, ಅಷ್ಟೇ.

“ಕೂಸು ಕುಂಡ್ರೋ ಜಾಗಾನ ಅಲುಗಾಡಿದ್ರ ಡಾಕ್ಟರ್ ಏನ್ ಮಾಡ್ಯಾರು” ಎಂದರು ಅತ್ತೆ. ದವಾಖಾನೆ ಅಲ್ಲಿಗೆ ಮುಗಿಯಿತು.

ಮಗ್ಗದ ಕುಣಿಗೆ ಇಳಿದು ನೇಯುವುದನ್ನು ನೀನು ಬಿಟ್ಟೆ — ಕಾಲಿಂದ ಮಗ್ಗ ತುಳಿದರೆ ಹೊಟ್ಟೆ ಅಲುಗೀತೆಂದು. ಇಂದಿಗೂ ಆಟೋದಿಂದ ಮುದುಕಿಯ ಹಾಗೆ ಒಂದೊಂದೇ ಕಾಲಿಟ್ಟು ಇಳಿಯುತ್ತೀ. ಒಂದು ಮಧ್ಯಾಹ್ನ ನನ್ನ ಕೈಯನ್ನು ನಿನ್ನ ಹೊಟ್ಟೆಯ ಮೇಲಿಟ್ಟುಕೊಂಡು, “ಅಕ್ಕಾ, ಈಗೂ ಅಲುಗಾಡಾಕತ್ತೈತೇನು ನೋಡ್ರಿ” ಅಂದೆ. ಅಂಗೈಗೆ ನಿನ್ನ ಉಸಿರಲ್ಲದೆ ಬೇರೇನೂ ಹತ್ತಲಿಲ್ಲ. ಕೈ ಬಿಡಿಸಿಕೊಂಡು ಮುಸುರೆ ಎತ್ತಲು ಎದ್ದೆ. ಹಿಟ್ಟು ನಾದುವಾಗ, ಮುಸುರೆ ತಿಕ್ಕುವಾಗ, ನಿನ್ನ ಹೊಟ್ಟೆಯ ಬಿಸುಪು ಅಂಗೈಗೆ ಬಂದು ಕೂರುತ್ತದೆ.

ನಿಜ ಹೇಳಿದ್ದರೆ ನಿನಗೆ ಮಗುವಾಗುತ್ತಿತ್ತೇ — ನನಗೆ ಗೊತ್ತಿಲ್ಲ. ಹದಿಮೂರನೆಯ ದಿನ ನಿನ್ನ ಗರ್ಭ ತಾನು ಮಾಡಬೇಕಾದ್ದನ್ನೇ ಮಾಡುತ್ತಿತ್ತು, ಇಷ್ಟು ಮಾತ್ರ ಗೊತ್ತು. ಪಾಪದಲ್ಲಿ ನಿನಗೆ ಅರ್ಧ ಪಾಲಿಲ್ಲ, ಶೈಲಾ.

ಆ ರಿಪೋರ್ಟು ಇಷ್ಟು ದಿನ ನನ್ನ ಟ್ರಂಕಿನಲ್ಲಿತ್ತು. ಈ ಕಾಗದದ ಜೊತೆ ಇಟ್ಟಿದ್ದೇನೆ. ಇದು ಕನ್ನಡದಲ್ಲಿದೆ, ನೀನೇ ಓದಬಹುದು. ಅದು ಇಂಗ್ಲಿಷಿನಲ್ಲಿದೆ. ಬೇರೆ ಯಾರಿಂದಲಾದರೂ ಓದಿಸು. ನನ್ನಿಂದ ಬೇಡ.