ಮೊದಲ ಗುಟುಕು

ಉಚ್ಚಂಗಿದುರ್ಗದ ಹತ್ತಿರದ ಹಳ್ಳಿಯಲ್ಲಿ ಕಾಮಾಲೆಗೆ ಬೇರು ಅರೆದು ಕೊಡುವ ಅಜ್ಜಿಯೊಬ್ಬರಿದ್ದರು. ರೋಗಿಗೆ ಕೊಡುವ ಮೊದಲು ತಾವೇ ಒಂದು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಕೊಡೋ ಕೈ ಮೊದ್ಲು ಕುಡೀಬೇಕು" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು.

ಆ ಬೇರಿನ ಸತ್ವ ತೆಗೆದು ಮಾತ್ರೆ ಮಾಡಲು ನಾನು ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಹೆಣಗುತ್ತಿದ್ದೆ. ಒಂದು ಮಧ್ಯಾಹ್ನ ಸತ್ವದ ಸಣ್ಣ ಬಾಟಲಿಯನ್ನು ಅವರಿಗೆ ತೋರಿಸಲು ಒಯ್ದೆ.

"ಇದು ನಿಮ್ಮ ಬೇರಿನ ಸತ್ವ, ಅಜ್ಜಿ. ಭಾಳ ಗಟ್ಟಿ ಮಾಡೀನಿ."

ಕಣ್ಣು ಹಳದಿಯಾದ ಮಗಳನ್ನು ಕಟ್ಟೆಯ ಮೇಲೆ ಮಲಗಿಸಿಕೊಂಡಿದ್ದ ತಾಯಿಯೊಬ್ಬಳು, "ಅದನ್ನ ಕೊಡ್ರಿ, ಲಗೂನ ವಾಸಿ ಆಗ್ಲಿ" ಎಂದಳು. ನಾನು ಬೇಡವೆನ್ನುವಷ್ಟರಲ್ಲಿ ಅಜ್ಜಿ ಮುಚ್ಚಳ ತೆಗೆದು ತಮ್ಮ ಗುಟುಕು ಕುಡಿದೇಬಿಟ್ಟರು.

ಅದನ್ನೇ ಕುಡಿಸಿದ್ದ ಎರಡು ಇಲಿಗಳು ಆ ಬೆಳಿಗ್ಗೆ ಸತ್ತಿದ್ದವು. ಅವು ಮೊದಲೇ ಸೊರಗಿದ್ದವೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಈಗ ಎಲ್ಲ ಹೇಳಿ, ಆಸ್ಪತ್ರೆಗೆ ಹೋಗೋಣವೆಂದು ಗೋಗರೆದೆ.

"ಮಾಡಿದ ನಿಮಗ ಗೊತ್ತಿಲ್ಲಂದ್ರ ಅವರಿಗೆ ಹೆಂಗ ಗೊತ್ತಿರ್ತೈತಿ? ನಾಡಿ ಹಿಡಕೊಂಡು ಕುಂದರ್ರಿ" ಎಂದು ಕೈ ಚಾಚಿದರು. ಇನ್ನೊಂದು ಕೈ ಹುಡುಗಿಯ ಹಣೆಯ ಮೇಲಿತ್ತು.

ದುರ್ಗದ ಮೇಲಿನ ಬಿಸಿಲು ಇಳಿಯುವವರೆಗೂ ಹಿಡಿದು ಕೂತೆ. ಒಂದು ಬಡಿತ ತಪ್ಪಿತೆನಿಸಿದಾಗಲೆಲ್ಲ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅವರು ಕೈ ಬಿಡಿಸಿಕೊಂಡು, ಬಾಟಲಿಗೆ ಮುಚ್ಚಳ ಹಾಕಿ ನನಗೇ ಕೊಟ್ಟರು.

"ಇದರ ಮ್ಯಾಲೆ ಬೇರಿನ ಹೆಸ್ರು ಬರ್ದೀರಿ. ಇಷ್ಟೊತ್ತು ಅಂಜಿದ್ರಲ್ಲ, ಅದನ್ನೂ ಬರೀರಿ."