ಅಕ್ಕಿ ಚೀಲದ ಸಿಂಹ

ಸಿಂಹಕ್ಕೆ ರೆಕ್ಕೆ ಹಚ್ಚುವುದು ಎಷ್ಟು ಕಷ್ಟ ಅಂತ ಚಿತ್ರ ಬರೆದವರಿಗಷ್ಟೇ ಗೊತ್ತು. ರೆಕ್ಕೆ ಹೆಗಲಿನಿಂದ ಹುಟ್ಟಬೇಕು, ಬೆನ್ನಿಗೆ ಅಂಟಿಸಿದಂತೆ ಕಾಣಬಾರದು. ಎರಡು ವರ್ಷ ಇದನ್ನೇ ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಹಾಳೆ ತೂತು ಮಾಡಿದ್ದೇನೆ. ಆಮೇಲೆ ಟ್ಯಾಬ್ ಕೊಂಡು, ವಾರಕ್ಕೊಂದು ದಿನ ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಅದರ ಮೇಲೆ ಬರೆಯುವುದನ್ನು ಕಲಿತೆ. ಪೆನ್ಸಿಲ್ ಹಾಳೆಯನ್ನು ಹಿಡಿಯುತ್ತದೆ. ಟ್ಯಾಬಿನ ಗಾಜಿನ ಮೇಲೆ ಬರೆಯುವ ಕಡ್ಡಿ ಜಾರುತ್ತದೆ. ತಲೆ ಕೆಟ್ಟುಹೋಗಿತ್ತು.

ದೇವದುರ್ಗದಲ್ಲಿರುವ ನನ್ನ ಅವ್ವ ಆಯುಷ್ಯವೆಲ್ಲ ಹತ್ತಿ ಬಿಡಿಸಿದವಳು, ಸಸಿ ಹಚ್ಚಿದವಳು. ಅವಳ ಪ್ರಕಾರ ಕೂತು ಮಾಡುವುದು ಕೆಲಸವೇ ಅಲ್ಲ. ಬರೆದ ಹಾಳೆ ತೋರಿಸಿದರೆ, "ಇಡು, ಆಮ್ಯಾಲ ನೋಡ್ತೀನಿ," ಅಂದು ಅದರ ಮೇಲೇ ಬಳ್ಳೊಳ್ಳಿ ಸುಲಿಯುತ್ತಿದ್ದಳು. ಮಗಳು ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ, ನನ್ನ ಎದುರಿಗೇ, "ಏನಿಲ್ಲ, ಮನ್ಯಾಗ ಅದಾಳ," ಅನ್ನುತ್ತಿದ್ದಳು. ಆ "ಏನಿಲ್ಲ" ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಬಾಯಿಂದ ಒಮ್ಮೆಯಾದರೂ ಮಗಳು ಚಿತ್ರ ಬರೆಯುತ್ತಾಳೆ ಅನ್ನಿಸಬೇಕು, ಅಷ್ಟೇ ನನ್ನ ಹಟ.

ಅಷ್ಟರಲ್ಲಿ ಮಾನ್ವಿಯ ಒಬ್ಬ ಅಕ್ಕಿ ಮಿಲ್ ಸಾಹುಕಾರರು ಹೊಸ ಚೀಲದ ಮೇಲೆ ಹಾಕಲು ರೆಕ್ಕೆಯ ಸಿಂಹ ಬೇಕೆಂದರು. ಚಿತ್ರ ಊರೂರಿಗೆ ಹೋಗುತ್ತದೆ, ಅವ್ವನಿಗೆ ತೋರಿಸಲು ಇದಕ್ಕಿಂತ ಏನು ಬೇಕು ಅಂತ ಕುಣಿದುಬಿಟ್ಟೆ. ಒಳ್ಳೆಯ ಸಿಂಹವನ್ನೇ ಬರೆದೆ. ಅವರು ಟ್ಯಾಬನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಚಲೋ ಅದರಿ ಅಕ್ಕಾರ. ಆದ್ರ ಮುಖ ನಮ್ಮ ಅಪ್ಪಾಜಿದು ಹಾಕ್ರಿ. ಮಿಲ್ ಹಾಕಿದವ್ರು ಅವ್ರ ಅಲ್ಲೇನ್ರಿ."

"ಸಿಂಹಕ್ಕೇನ್ರಿ?"

"ಹೂಂ ಮತ್ತ. ಮೀಸಿ ಹಂಗ ಇರಲಿ. ಹಣಿಗೆ ಇಬತ್ತಿ ಮರೀಬ್ಯಾಡ್ರಿ."

ಎದುರಿನ ಗೋಡೆಯ ಮೇಲೆ ತೀರಿಕೊಂಡ ಆ ಹಿರಿಯರ ಫೋಟೊ ಇತ್ತು. ಕೆನ್ನೆ ಇಳಿಬಿದ್ದ, ಪಾಪದ ಮುಖ. ಅದನ್ನು ಸಿಂಹದ ಕೇಸರದ ನಡುವೆ ಕೂಡಿಸಿದರೆ ಹಲ್ಲುನೋವು ಬಂದ ಹಾಗೆ ಕಾಣುತ್ತಿತ್ತು. ತಿದ್ದಿ ತಿದ್ದಿ ಕೈ ಸೋತಿತು. ಪ್ರತಿ ಸಲವೂ ಅದೇ ಮಾತು: "ಅಪ್ಪಾಜಿ ಇನ್ನಾ ಸ್ವಲ್ಪ ನಗಬೇಕ್ರಿ."

ಅಂತೂ ಒಪ್ಪಿದರು. ಆಮೇಲೆ ಚೀಲ ಛಾಪಿಸುವವನ ಫೋನು. "ಏನ್ರಿ ಮೇಡಂ, ಇಷ್ಟು ಸಣ್ಣ ಗೆರಿ ಚೀಲದ ಮ್ಯಾಲೆ ನಿಲ್ಲಂಗಿಲ್ರಿ. ನಮ್ಮಲ್ಲಿ ಮೂರ ಬಣ್ಣ." ತಪ್ಪು ನನ್ನದೇ. ಟ್ಯಾಬಿನಲ್ಲಿ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಗರಿಯ ಒಂದೊಂದು ಎಳೆಯನ್ನೂ ಬರೆದಿದ್ದೆ; ಪ್ಲಾಸ್ಟಿಕ್ ನೇಯ್ಗೆಯ ಚೀಲ ಅದನ್ನೆಲ್ಲಿ ಹಿಡಿದೀತು? ತಿದ್ದಿಕೊಡುತ್ತೇನೆ ಅಂದರೂ ಅವಸರ ಅಂತ ಛಾಪಿಸಿಯೇಬಿಟ್ಟರು. ಗರಿಗಳೆಲ್ಲ ಕಲೆಸಿ ರೆಕ್ಕೆ ಎರಡು ಕೆಂಪು ಮುದ್ದೆ. ಉಳಿದದ್ದು ಮೀಸೆ, ವಿಭೂತಿ. ಸಿಟ್ಟಿಗೆ ಆ ಚೀಲವನ್ನು ಯಾರಿಗೂ ತೋರಿಸಲಿಲ್ಲ. ಅವ್ವನಿಗಂತೂ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಕೆಲವು ವಾರ ಬಿಟ್ಟು ದೇವದುರ್ಗಕ್ಕೆ ಹೋದೆ. ಅವ್ವನ ದೇವರ ಜಗಲಿಯ ಮೇಲೆ, ಫೋಟೊಗಳ ಸಾಲಿನಲ್ಲಿ, ಚೀಲದಿಂದ ಕತ್ತರಿಸಿದ ನನ್ನ ಸಿಂಹ ಕೂತಿತ್ತು. ಹಣೆಗೆ ಕುಂಕುಮ, ಮುಂದೆ ಊದಿನಕಡ್ಡಿ.

"ಯವ್ವಾ, ಇದೇನಬೇ?"

"ಅಂಗಡ್ಯಾಗ ಅಕ್ಕಿ ತಂದೆ, ಅದರ ಚೀಲದ ಮ್ಯಾಲಿತ್ತು. ಯಾವ ದೇವರೋ ಏನೋ, ಇಬತ್ತಿ ಹಚ್ಕೊಂಡು ನಗಾಕತ್ತಾನ. ಹರದು ನೆಲಕ್ಕ ಹಾಸಾಕ ಮನಸ್ಸಾಗ್ಲಿಲ್ಲ."

"ದೇವರಲ್ಲಬೇ. ಮಿಲ್ ಸಾಹುಕಾರ್ರ ಅಪ್ಪ. ಬರದಾಕಿ ನಾನು."

ಅವ್ವ ಊದಿನಕಡ್ಡಿ ಕಿತ್ತಳು. ಸೆರಗಿನಿಂದ ಸಿಂಹದ ಹಣೆಯ ಕುಂಕುಮ ಒರೆಸಿದಳು. ಹರಿದು ಒಗೆಯುತ್ತಾಳೆ ಅಂದುಕೊಂಡೆ. ಅವಳು ಅದನ್ನು ಹಿಡಿದು ಬಾಗಿಲಿಗೆ ಹೋಗಿ ಪಕ್ಕದ ಮನೆಯವಳನ್ನು ಕೂಗಿ, "ಇಲ್ನೋಡು, ನನ್ನ ಮಗಳು ಬರದಾಳ," ಅಂದಳು.

ಒಳಗೆ ಬಂದವಳೇ ನನ್ನನ್ನು ಗದರಿದಳು. "ಇಂಥಾ ಕೆಲಸ ಮಾಡ್ತೀನಂತ ಒಂದ್ ಮಾತು ಹೇಳಬಾರದೇನ, ಇಷ್ಟು ದಿನ?"

"ಮೂರು ವರ್ಷದಿಂದ ಹೇಳಾಕತ್ತೀನಬೇ," ಅಂದೆ.